ಒಂದು ಗೆಡ್ಡೆ ಕೊಯ್ದು ಹತ್ತು ಗಿಡ

ಚೆನ್ನಾಗಿ ಹೂ ಬಿಡುವ ಅಮರಿಲ್ಲಿಸ್ ಗೆಡ್ಡೆಗೆ ಚಾಕು ಹಾಕುವುದು ಅಂದರೆ ಮೊದಲ ಸಲ ಯಾರಿಗಾದರೂ ಕೈ ಹಿಂದೆಗೆಯುತ್ತದೆ. ಆದರೆ ತಾನಾಗಿ ಮರಿ ಹಾಕಲಿ ಎಂದು ಕೂತರೆ ಕೆಲವು ತಳಿಗಳಲ್ಲಿ ವರ್ಷಗಟ್ಟಲೆ ಕಾಯಬೇಕು. ಕೊಯ್ದರೆ ಒಂದೇ ಗೆಡ್ಡೆ 8ರಿಂದ 16 ತುಂಡಾಗುತ್ತದೆ.

ಗೆಡ್ಡೆಯನ್ನು ತಲೆಕೆಳಗು ಮಾಡಿ ನೋಡಿ. ಬೇರು ಹೊರಡುವಲ್ಲಿ ಬಿಲ್ಲೆಯಂಥ ಗಟ್ಟಿ ಭಾಗ ಇದೆ ಅಲ್ವಾ? ಗಿಡದ ನಿಜವಾದ ಕಾಂಡ ಅದೇ. ಈರುಳ್ಳಿಯಂತೆ ಸುತ್ತಿಕೊಂಡ ಪದರಗಳು ಎಲೆಯ ಬುಡಗಳು, ಆಹಾರದ ಉಗ್ರಾಣ. ಮರಿ ಹುಟ್ಟುವುದು ಪದರ ಬಿಲ್ಲೆಗೆ ಸೇರುವ ಸಂದಿಯಲ್ಲಿ. ಬಿಲ್ಲೆಯ ಚೂರಿಲ್ಲದ ತುಂಡು ಎಷ್ಟೇ ದಪ್ಪಗಿದ್ದರೂ ಸುಮ್ನೆ ಕೊಳೆಯುತ್ತದೆ.

ಎಲೆ ಬಾಡಿ ಗೆಡ್ಡೆ ವಿಶ್ರಾಂತಿಯಲ್ಲಿದ್ದಾಗ ಕೆಲಸ ಶುರು ಮಾಡಿ. ಎಲೆಯಲ್ಲಿ ಹಳದಿ ಗೆರೆ, ಮಚ್ಚೆ ಇದ್ದ ಗಿಡ ಬೇಡ. ಅದು ವೈರಸ್ ಇರಬಹುದು, ಪ್ರತಿ ತುಂಡಿಗೂ ಹೋಗುತ್ತದೆ. ಒಣ ಸಿಪ್ಪೆ ತೆಗೆದು, ಬೇರನ್ನು ಬಿಲ್ಲೆಗೆ ಪೆಟ್ಟಾಗದಂತೆ ಕತ್ತರಿಸಿ, ಗೆಡ್ಡೆಯ ಮೇಲ್ತುದಿಯನ್ನೂ ಕತ್ತರಿಸಿ ತೆಗೆಯಿರಿ. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಬುಡ ಮೇಲೆ ಮಾಡಿ ಇಟ್ಟು, ಬಿಲ್ಲೆಯ ನಡುವಿನಿಂದ ಎರಡು, ನಾಲ್ಕು, ಎಂಟು ಹೋಳು ಮಾಡಿ. ರಸ ಕೈಗೆ ತುರಿಕೆ ತರಬಹುದು, ಗ್ಲೌಸ್ ಇರಲಿ.

ಹೋಳುಗಳನ್ನು ಶಿಲೀಂಧ್ರನಾಶಕದ ನೀರಿನಲ್ಲಿ ಅದ್ದಿ, ನೀರು ಬಸಿಯಲು ಬಿಡಿ. ಆಮೇಲೆ 10 ಪಾಲು ತೇವ ಹಿಡಿದಿಡುವ ಹಗುರ ಖನಿಜದ ಚೂರಾದ ವರ್ಮಿಕ್ಯುಲೈಟ್‌ಗೆ 1 ಪಾಲು ನೀರು ಬೆರೆಸಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಹೋಳು ಸೇರಿಸಿ, ಸ್ವಲ್ಪ ಗಾಳಿ ತುಂಬಿಸಿ ಬಾಯಿ ಕಟ್ಟಿ. ಹೆಚ್ಚಿನವರು ಎಡವುವುದು ಈ ನೀರಿನಲ್ಲೇ. ನಾನು ಮೊದಲ ಸಲ ಧಾರಾಳವಾಗಿ ಸುರಿದೆ. ಮೂರು ವಾರಕ್ಕೆ ಕವರ್ ಬಿಚ್ಚಿದರೆ ಲೋಳೆ, ಮೂಗು ಮುಚ್ಚುವ ವಾಸನೆ. ಮುಷ್ಟಿಯಲ್ಲಿ ಹಿಂಡಿದರೆ ಒಂದು ಹನಿಯೂ ಬೀಳಬಾರದು, ಅಷ್ಟೇ ತೇವ ಸಾಕು.

ಕವರನ್ನು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕತ್ತಲೆ ಜಾಗದಲ್ಲಿ ಸುಮಾರು 12 ವಾರ ಇಡಿ. ಆಗಾಗ ನೋಡಿ, ಬೂಸ್ಟು ಬಂದ ಹೋಳನ್ನು ತಕ್ಷಣ ಎಸೆಯಿರಿ. ಪದರಗಳ ನಡುವೆ, ಬುಡದ ಹತ್ತಿರ, ಬಿಳಿ ಕಾಳಿನಂಥ ಮರಿಗಳು ಕಂಡವೋ, ಕುಂಡಕ್ಕೆ ಹಾಕುವ ಹೊತ್ತು ಬಂತು. ಹೋಳನ್ನು ಬಿಡಿಸದೆ, ಬಿಲ್ಲೆ ಕೆಳಗಾಗಿ ನೆಡಿ. ಮರಿಯ ಮೇಲೆ ಒಂದು ಸೆಂಟಿಮೀಟರ್ ಮಣ್ಣು ಸಾಕು. ಹಳೆ ಪದರ ಹೊರಗೇ ಇದ್ದು ನಿಧಾನಕ್ಕೆ ಕರಗಿಹೋಗುತ್ತದೆ.

ಡ್ಯಾಫೊಡಿಲ್‌ಗೂ ಇದೇ ಕ್ರಮ. ಲಿಲ್ಲಿಗೆ ಚಾಕುವೇ ಬೇಡ, ಪದರಗಳನ್ನು ಬುಡದಿಂದ ಕೈಯಲ್ಲೇ ಮುರಿದು ಕವರಿಗೆ ಹಾಕಬಹುದು. ಹಯಸಿಂತ್ ಮಾತ್ರ ಬೇರೆ: ಹೋಳು ಮಾಡದೆ, ಬಿಲ್ಲೆಯ ಮೇಲೆ ಆಳವಾಗಿ ಮೂರು ಅಡ್ಡಗೀರು ಎಳೆದು ತಲೆಕೆಳಗಾಗಿಯೇ ಇಡುತ್ತಾರೆ.

ಹೂವಿಗೆ ಎರಡು ಮೂರು ವರ್ಷ, ಕೆಲವೊಮ್ಮೆ ಜಾಸ್ತಿಯೇ ಬೇಕು. ಕುಂಡಕ್ಕೆ ಒಂದು ಚೀಟಿ ಸಿಕ್ಕಿಸಿಡಿ. ಮೊದಲ ಎಲೆ ಥೇಟ್ ಹುಲ್ಲಿನ ಎಸಳು, ಕಳೆ ಅಂದುಕೊಂಡು ನಾನೇ ಒಂದನ್ನು ಕಿತ್ತಿದ್ದೇನೆ.