ತಿರಸ್ಕೃತವಾದ ಸನ್ನಡತೆಯ ಅರ್ಜಿಯನ್ನು ಗೆಲ್ಲಿಸಿಕೊಂಡ ಬಗೆ

ಜೀವಾವಧಿ ಕೈದಿಯೊಬ್ಬನ ಸನ್ನಡತೆಯ ಆಧಾರದ ಅವಧಿಪೂರ್ವ ಬಿಡುಗಡೆಯ ಕೋರಿಕೆಯನ್ನು ತಿರಸ್ಕರಿಸಿದ ಸರ್ಕಾರದ ಹಿಂಬರಹ (ಲಿಖಿತ ಉತ್ತರ) ಹಿಡಿದು ಹೈಕೋರ್ಟಿಗೆ ಹೋಗುತ್ತೇನೆ ಎಂದಾಗ, ಹಾಸನದ ನಮ್ಮ ವಕೀಲ ಮಿತ್ರರಲ್ಲಿ ನಕ್ಕವರೇ ಹೆಚ್ಚು. "ಅದು ಸರ್ಕಾರದ ವಿವೇಚನೆ ಸಾರ್, ಕೋರ್ಟು ಕೈ ಹಾಕುವುದಿಲ್ಲ" ಎಂಬುದೇ ಎಲ್ಲರ ಮಾತಾಗಿತ್ತು. ಈಗ ಅವರಲ್ಲೇ ಕೆಲವರು ನನ್ನ ಅರ್ಜಿಯ ಪ್ರತಿ ಕೇಳುತ್ತಿದ್ದಾರೆ.

ಕಕ್ಷಿದಾರನದು ಆಲೂರು ಕಡೆಯ ಕಾಫಿ ತೋಟದ ಕೂಲಿ ಕುಟುಂಬ. "ಮೇಲಿನವರಿಗೆ ಹೇಳಿ ಮಾಡಿಸುತ್ತೇನೆ" ಎಂದ ಮಧ್ಯವರ್ತಿಯೊಬ್ಬನಿಗೆ ಅವರು ಅದಾಗಲೇ 50-60 ಸಾವಿರ ತೆತ್ತಿದ್ದರು. ನನ್ನ ಮೊದಲ ರಿಟ್ ಅರ್ಜಿಯಿಂದಲೂ (ಸರ್ಕಾರದ ಕ್ರಮವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹಾಕುವ ಅರ್ಜಿ) ಸಿಕ್ಕಿದ್ದು ಮರುಪರಿಶೀಲನೆಯ ನಿರ್ದೇಶನ ಮಾತ್ರ. ಏಳೆಂಟು ತಿಂಗಳಾದ ಮೇಲೆ ಅದೇ ಒಕ್ಕಣೆ ಹೊಸ ದಿನಾಂಕ ಹೊತ್ತು ಮರಳಿತು.

ಎರಡನೆಯ ಸಲ ಕರುಣೆಯ ಮಾತುಗಳನ್ನೆಲ್ಲ ಕೈಬಿಟ್ಟು, ಆ ಹಿಂಬರಹಕ್ಕೆ ಆಧಾರವಾಗಿದ್ದ ಕಾಗದಗಳನ್ನೇ ಪ್ರಶ್ನಿಸಲು ನಿರ್ಧರಿಸಿದೆ. ಮಾಹಿತಿ ಹಕ್ಕಿನಡಿ ನಾನು ಹಾಕಿದ ಅರ್ಜಿಗೆ 'ಮೂರನೆಯ ವ್ಯಕ್ತಿಯ ಮಾಹಿತಿ' ಎಂಬ ಉತ್ತರ ಬಂದಾಗ, ಕೈದಿಯ ಸಹಿಯಲ್ಲೇ ಮತ್ತೆ 10 ರೂಪಾಯಿ ಕಟ್ಟಿ, ಮೇಲ್ಮನವಿಯವರೆಗೂ ಹೋಗಿ ಕಡತದ ಪ್ರತಿ ಪಡೆದೆ. ದಂಡ ಪ್ರಕ್ರಿಯಾ ಸಂಹಿತೆಯ 432(2)ರಂತೆ ಶಿಕ್ಷೆ ವಿಧಿಸಿದ ನ್ಯಾಯಾಲಯದಿಂದ ಪಡೆದ ಅಭಿಪ್ರಾಯದಲ್ಲಿದ್ದದ್ದು ಎರಡೇ ಸಾಲು: ಅಪರಾಧ ಘೋರ, ಆದ್ದರಿಂದ ಶಿಫಾರಸಿಲ್ಲ. ಅಪರಾಧ ಮರುಕಳಿಸುವ ಸಂಭವ, ಇನ್ನೂ ಸೆರೆಯಲ್ಲಿಡುವುದರಿಂದಾಗುವ ಪ್ರಯೋಜನ, ಕುಟುಂಬದ ಸ್ಥಿತಿ ಮುಂತಾಗಿ ಸುಪ್ರೀಂ ಕೋರ್ಟಿನ ಲಕ್ಷ್ಮಣ್ ನಸ್ಕರ್ ತೀರ್ಪು (2000) ಹೇಳಿದ ಅಂಶಗಳಲ್ಲಿ ಒಂದರ ಸುಳಿವೂ ಅಲ್ಲಿರಲಿಲ್ಲ. ಅಂಥ ಅಭಿಪ್ರಾಯಕ್ಕೆ ಸಾಕಷ್ಟು ಕಾರಣಗಳಿರಬೇಕೆಂದು ಸುಪ್ರೀಂ ಕೋರ್ಟು ರಾಮ್ ಚಂದರ್ ಪ್ರಕರಣದಲ್ಲಿ (2022) ಹೇಳಿರುವುದರಿಂದ ನನ್ನ ವಾದದ ಮುಕ್ಕಾಲು ಭಾಗ ಅಲ್ಲಿಯೇ ಸಿದ್ಧವಾಯಿತು.

ಉಳಿದದ್ದು ಪೊಲೀಸ್ ವರದಿ. ಆತ ಊರಿಗೆ ಬಂದರೆ ಶಾಂತಿಭಂಗವಾದೀತು ಎಂದು ಅದರಲ್ಲಿತ್ತು. ಅದರ ಪಕ್ಕಕ್ಕೆ ಪೆರೋಲ್ ದಾಖಲೆಯನ್ನಿಟ್ಟೆ: ಹಲವು ಬಾರಿ ಅದೇ ಊರಿಗೆ ಬಂದು, ಸಣ್ಣ ದೂರೂ ಇಲ್ಲದೆ, ಹೇಳಿದ ದಿನಕ್ಕೆ ಮೈಸೂರು ಕಾರಾಗೃಹಕ್ಕೆ ಮರಳಿದವನಿಂದ ಯಾವ ಶಾಂತಿ ಕೆಡುತ್ತದೆ ಎಂಬ ಪ್ರಶ್ನೆಗೆ ಸರ್ಕಾರಿ ವಕೀಲರು ಸಮಯ ಕೇಳಿದರು.   ಶಿಕ್ಷೆಯಾದ ದಿನ ಜಾರಿಯಲ್ಲಿದ್ದ ಬಿಡುಗಡೆ ನೀತಿಯೇ ಅನ್ವಯವೆಂಬ ಸುಪ್ರೀಂ ಕೋರ್ಟಿನ ಜಗದೀಶ್ ತೀರ್ಪು (2010) ವಕೀಲರಿಗೆಲ್ಲ ಗೊತ್ತಿರುವುದೇ.

ನಡುವೆ, ಕ್ಷಮಾದಾನದ ಅಧಿಕಾರ ಕೊಡುವ ಸಂವಿಧಾನದ 161ನೆಯ ವಿಧಿಯಡಿ ರಾಜ್ಯಪಾಲರಿಗೂ ಒಂದು ಅರ್ಜಿ ಕಳಿಸಿ ನೋಡಿದೆ. ಕೆಲವು ಜೀವಾವಧಿ ಕೈದಿಗಳು 14 ವರ್ಷವಾದರೂ ಸೆರೆಯಲ್ಲಿರಬೇಕೆನ್ನುವ ದಂಡ ಪ್ರಕ್ರಿಯಾ ಸಂಹಿತೆಯ 433ಎ ಕಲಮು ಆ ಅಧಿಕಾರಕ್ಕೆ ಅಡ್ಡಿಯಲ್ಲವೆಂದು ಮಾರು ರಾಮ್ ತೀರ್ಪು 1980ರಲ್ಲೇ ಹೇಳಿದ್ದರೂ, ಆ ಅರ್ಜಿ ಬಾಕಿಯಿದೆ ಎಂಬ ನೆಪದಲ್ಲಿ ರಿಟ್ ಮುಂದೂಡತೊಡಗಿದ್ದರಿಂದ ರಾಜ್ಯಪಾಲರಿಗೆ ಕಳಿಸಿದ್ದನ್ನು ಹಿಂಪಡೆದೆ. ಎರಡು ದಾರಿಯಲ್ಲಿ ಒಟ್ಟಿಗೆ ಹೋಗಬೇಡಿ.

ದೃಢೀಕೃತ ನಕಲು, ಓಡಾಟ, ಬೆಂಗಳೂರಿನ ಸಹೋದ್ಯೋಗಿಯ ಶುಲ್ಕ ಸೇರಿ 20 ಸಾವಿರದ ಆಸುಪಾಸು ಖರ್ಚಾಯಿತು. ನನ್ನ ಶುಲ್ಕದಲ್ಲಿ ಅರ್ಧ ಕಾಫಿ ಕೊಯ್ಲು ಮುಗಿದ ಮೇಲೆ ಬಂತು, ಉಳಿದರ್ಧ ಇನ್ನೂ ಬರಬೇಕು. ತಿರಸ್ಕಾರ ರದ್ದಾಗಿ, ಕಾರಣಸಹಿತ ಹೊಸ ಅಭಿಪ್ರಾಯ ಪಡೆದು ಮೂರು ತಿಂಗಳಲ್ಲಿ ತೀರ್ಮಾನಿಸಬೇಕೆಂಬ ಆದೇಶವಾಯಿತು. ತೀರ್ಮಾನ ಬಿಡುಗಡೆಯದೇ ಆಯಿತು.

ಈಗ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 473ನೆಯ ಕಲಮಿನಡಿ ಹೋಗುವವರಿಗೆ ದಾರಿ ಸ್ವಲ್ಪ ಸುಲಭ: ತಿರಸ್ಕಾರದ ಆದೇಶವನ್ನು ಸಂಕ್ಷಿಪ್ತ ಕಾರಣಗಳೊಡನೆ ಕೈದಿಗೆ ತಿಳಿಸಲೇಬೇಕೆಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದೆ. ನನ್ನ ಕಕ್ಷಿದಾರನ ಬಿಡುಗಡೆ ಪತ್ರದಲ್ಲಿ 'ಸಭ್ಯವಾಗಿ ವರ್ತಿಸತಕ್ಕದ್ದು' ಎಂಬ ಷರತ್ತಿದೆ. ಇಂಥ ಅಸ್ಪಷ್ಟ ಷರತ್ತು ನಿಲ್ಲದೆಂದು 2024ರ ಮಫಾಭಾಯಿ ಮೋತಿಭಾಯಿ ಸಾಗರ್ ತೀರ್ಪು ಹೇಳಿರುವುದರಿಂದ, ಅದನ್ನು ತೆಗೆಸಲು ಮತ್ತೊಂದು ಅರ್ಜಿ ಸಿದ್ಧಪಡಿಸುತ್ತಿದ್ದೇನೆ.