ಗಣಿಯ ಲಾರಿ, ರೈಲಿನ ಸದ್ದು ಲೆಕ್ಕ ಹಾಕುವುದು ಹೇಗೆ?

ಕರ್ನಾಟಕದಲ್ಲಿ ಕಲ್ಲಿದ್ದಲು ಸಿಗುವುದಿಲ್ಲ. ಹಾಗಾಗಿ ನಮ್ಮ ರಾಜ್ಯದ ವಿದ್ಯುತ್ ನಿಗಮವಾದ ಕೆಪಿಸಿಎಲ್‌ನ ಕಲ್ಲಿದ್ದಲು ಗಣಿ ಇರುವುದು ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬರಾಂಜ್‌ನಲ್ಲಿ. ಇಂಥ ಗಣಿ ಎಲ್ಲೇ ಬರಲಿ, ಸದ್ದು ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಸಿಡಿಮದ್ದು. ಅದು ದಿನಕ್ಕೆ ಒಂದೆರಡು ಸಲ. ಲಾರಿ, ರೈಲು ಹಾಗಲ್ಲ. ಗಣಿಯಿಂದ ಎಷ್ಟೋ ದೂರದ ಊರಿನ ನಿದ್ದೆಯನ್ನೂ ಕೆಡಿಸುತ್ತವೆ.

ಮೊದಲು ಟನ್ನನ್ನು ಟ್ರಿಪ್ಪಿಗೆ ಇಳಿಸಿ. ಉದಾಹರಣೆಗೆ, ವರ್ಷಕ್ಕೆ 25 ಲಕ್ಷ ಟನ್ ತೆಗೆಯುವ ಗಣಿ, 300 ದಿನ ಕೆಲಸ ಅಂದುಕೊಳ್ಳೋಣ. ದಿನಕ್ಕೆ ಸುಮಾರು 8,300 ಟನ್. 25 ಟನ್ನಿನ ಟಿಪ್ಪರ್ ಆದರೆ 333 ಲೋಡು. ಇಲ್ಲೇ ಎಲ್ಲರೂ ಎಡವುವುದು: ಹೋದ ಗಾಡಿ ವಾಪಸ್ ಬರಬೇಕು, ಅಲ್ವಾ? ಅಂದರೆ 666 ಓಡಾಟ. 20 ಗಂಟೆಗೆ ಹಂಚಿದರೂ ಎರಡು ನಿಮಿಷಕ್ಕೊಂದು. ಖಾಲಿ ಟಿಪ್ಪರ್ ಸದ್ದು ಕಡಿಮೆ ಅಂದುಕೊಳ್ಳಬೇಡಿ. ಗುಂಡಿಗೆ ಬಿದ್ದಾಗ ಹಿಂದಿನ ಬಾಗಿಲು ಬಡಿಯುವುದನ್ನು ಕೇಳಿದವರಿಗೆ ಗೊತ್ತು. ಅದೇ ಕಲ್ಲಿದ್ದಲು ರೈಲಿನಲ್ಲಿ ಹೋದರೆ, ಒಂದು ರೇಕಿಗೆ, ಅಂದರೆ ಒಂದು ಪೂರ್ತಿ ಗೂಡ್ಸ್ ರೈಲಿಗೆ, ಸುಮಾರು 4,000 ಟನ್ ಹಿಡಿದರೆ, ದಿನಕ್ಕೆ ಎರಡೇ ರೇಕು. ಹೋಗಿ ಬರುವುದು ಸೇರಿ ನಾಲ್ಕು ಓಡಾಟ.

ಆಮೇಲೆ ಗಣಿ ಶುರುವಾಗುವ ಮುಂಚಿನ ಸದ್ದನ್ನು ಅಳೆಯಿರಿ. ಗಣಿ ಗೇಟಿನಲ್ಲಲ್ಲ, ರಸ್ತೆಗೂ ಹಳಿಗೂ ಹತ್ತಿರದ ಮನೆ, ಶಾಲೆ, ಆಸ್ಪತ್ರೆಯ ಹತ್ತಿರ. ಸದ್ದು ಅಳೆಯುವ ಯಂತ್ರ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರಲಿ, ಮೈಕಿಗೆ ಸ್ಪಂಜಿನ ಟೊಪ್ಪಿ ಇರಲಿ. ಅಳೆಯುವ ಮುಂಚೆ, ಆದ ಮೇಲೆ ಎರಡೂ ಸಲ ಕ್ಯಾಲಿಬ್ರೇಟರ್ (ಗೊತ್ತಿರುವ ಸದ್ದು ಕೊಟ್ಟು ಯಂತ್ರ ಸರಿ ಇದೆಯಾ ಅಂತ ತೋರಿಸುವ ಸಾಧನ) ಇಟ್ಟು ನೋಡಿ. ಜೋರು ಗಾಳಿ, ಮಳೆಯ ಹೊತ್ತಿನ ರೀಡಿಂಗ್ ಬಿಟ್ಟುಬಿಡಿ. ಮೊಬೈಲ್ ಆ್ಯಪ್ ಅಂದಾಜಿಗೆ ಸಾಕು, ವಾದಕ್ಕೆ ಸಾಲದು.

ಸದ್ದಿನ ಅಳತೆಯಾದ ಡೆಸಿಬಲ್ಲನ್ನು ಸುಮ್ನೆ ಕೂಡುವಂತಿಲ್ಲ. 60ಕ್ಕೆ 60 ಸೇರಿದರೆ 63. ಅದೇ ಬಗೆಯ ಗಾಡಿಗಳು ಎರಡರಷ್ಟಾದರೆ 3 ಡೆಸಿಬಲ್ ಏರಿಕೆ, ಹತ್ತರಷ್ಟಾದರೆ 10. ಹತ್ತು ಏರಿದರೆ ಕಿವಿಗೆ ಸದ್ದು ಸುಮಾರು ದುಪ್ಪಟ್ಟು. ಹಾಗಾಗಿ ಲಾರಿಗಳೇ ತುಂಬಿದ ಹೆದ್ದಾರಿಯಲ್ಲಿ 666 ಓಡಾಟ ಕರಗಿಹೋಗಬಹುದು. ರಾತ್ರಿ ಹತ್ತು ಗಾಡಿ ಹೋಗುವ ಊರ ರಸ್ತೆಯಲ್ಲಿ ಅದೇ ಲಾರಿಗಳು ಬೇರೆಯೇ ಕತೆ. ಗಣಿಯ ಪರಿಸರ ಪರಿಣಾಮದ ವರದಿ ಹೆದ್ದಾರಿಯ ಅಂಕಿಯನ್ನಷ್ಟೇ ತೋರಿಸಿದರೆ ನನಗಂತೂ ಅನುಮಾನ.

ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಇದು ಆ ಎಂಟು ಗಂಟೆಯ ಸರಾಸರಿ. ಸರಾಸರಿ ಅಂದರೂ ಶಾಲೆಯ ಸರಾಸರಿಯಲ್ಲ, ಶಬ್ದದ ಶಕ್ತಿಯದ್ದು. ಕಿಟಕಿಯ ಹತ್ತಿರ ಒಂದೇ ರೇಕು ಎರಡು ನಿಮಿಷ 75 ಡೆಸಿಬಲ್ಲಿನಲ್ಲಿ ಹಾದುಹೋಗಿ, ಉಳಿದ ರಾತ್ರಿ 40ರಲ್ಲಿ ತಣ್ಣಗಿದ್ದರೂ ಲೆಕ್ಕ 51 ದಾಟುತ್ತದೆ. ಒಂದೇ ರೇಕಿಗೆ ಮಿತಿ ಮೀರಿತು.

ಆದರೂ ಸರಾಸರಿ ಎಲ್ಲವನ್ನೂ ಹೇಳುವುದಿಲ್ಲ. ಎಬ್ಬಿಸುವುದು ಲೆವೆಲ್ ಕ್ರಾಸಿಂಗಿನ ಹಾರ್ನ್, ವ್ಯಾಗನ್ ಜೋಡಿಸುವಾಗಿನ ಧಡಾರ್, ರಿವರ್ಸ್ ಗಾಡಿಯ ಬೀಪ್. ಅದಕ್ಕೇ ರಾತ್ರಿಯ ಅತಿ ಜೋರು ಸದ್ದನ್ನೂ, ಅದು ಎಷ್ಟು ಸಲ ಬಂತು ಎಂಬುದನ್ನೂ ಬೇರೆಯಾಗಿ ಬರೆದಿಡಿ.

ಮಿತಿ ಮೊದಲೇ ಮೀರಿದ್ದರೆ? ಕಲ್ಲಿದ್ದಲಿನ ನಾಡಾದ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2011ರ ರಸ್ತೆ ಶಬ್ದ ನೀತಿ ಇದಕ್ಕೆ ದಾರಿ ಹೇಳುತ್ತದೆ: ಅಂಥ ಕಡೆ ಹೊಸ ಯೋಜನೆಯಿಂದ 2 ಡೆಸಿಬಲ್‌ಗಿಂತ ಜಾಸ್ತಿ ಏರಬಾರದು. ಬರಿ ಮಿತಿಯನ್ನಲ್ಲದೆ ಏರಿಕೆಯನ್ನೂ ನೋಡುವ ಈ ಕ್ರಮ ನನಗೆ ಹೆಚ್ಚು ಸರಿ ಅನಿಸುತ್ತದೆ. ಸಂಡೂರಿನ ಅದಿರು ಲಾರಿಗಳಿಗೂ ಇದೇ ಲೆಕ್ಕ ಹಾಕಿ ನೋಡಬಹುದು.

ಪರಿಹಾರಗಳಲ್ಲಿ ಗೋಡೆ ಕಟ್ಟುವುದು ಕೊನೆಗೆ. ಗುಂಡಿ ಮುಚ್ಚುವುದು, ವೇಗ ಇಳಿಸುವುದು, ರಾತ್ರಿ ಟಿಪ್ಪರ್ ನಿಲ್ಲಿಸುವುದು, ಊರು ತಪ್ಪಿಸುವ ರಸ್ತೆ, ಇವು ಮೊದಲು. ಗಿಡಗಳ ಸಾಲು ಕಣ್ಣಿಗೆ ತಂಪು. ಸದ್ದು ತಡೆಯುವುದು ತೀರಾ ಕಡಿಮೆ.

ಗಣಿಗೆ ಪರಿಸರ ಅನುಮತಿ ಕೊಡುವ ಮುಂಚೆ ಜನರ ಮಾತು ಕೇಳುವ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಬರಬೇಕು. ಆಗ ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಡಲು ಸಿಗುತ್ತದೆ. ಅದರಲ್ಲಿ ಹುಡುಕಬೇಕಾದ್ದು ಮೂರು: ಖಾಲಿ ಗಾಡಿ ಎಣಿಸಿದ್ದಾರಾ, ರಾತ್ರಿ ಎಷ್ಟು ರೇಕು, ಯಾವ ಮನೆಯ ಮುಂದೆ ಅಳೆದರು. ಉತ್ತರ ಸಿಗದಿದ್ದರೆ ಪ್ರಶ್ನೆಯನ್ನು ಸಭೆಯ ನಡಾವಳಿಯಲ್ಲಿ ಬರೆಸಿ.