ಡೊಂಬಿವಲಿಯ ಹನ್ನೊಂದು ಹಳೇ ಪಿಸಿಗಳು: ನನ್ನ ಅನುಭವ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು, ಅಂದರೆ ಮೈಕ್ರೋಸಾಫ್ಟ್‌ನ ಮಾಮೂಲಿ ಭದ್ರತಾ ಅಪ್‌ಡೇಟ್ ನಿಂತಿತು. ಅದಕ್ಕೆ ಎರಡು ತಿಂಗಳು ಮೊದಲೇ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡದ ಮನೆಗಳಿಂದ ಫೋನ್ ಶುರುವಾಗಿತ್ತು. "ಲ್ಯಾಪ್‌ಟಾಪ್ ಕಂಪನಿಗಳೇ ವಿಂಡೋಸ್ 11 ಒಳ್ಳೇದು ಅಂತಾವೆ, ಹೊಸದು ತಗೊಳ್ಳಲಾ?" ಎಲ್ಲರ ಹತ್ತಿರ ಇದ್ದದ್ದು ಇಂಟೆಲ್‌ನ ಹಳೆಯ ಪ್ರೊಸೆಸರ್‌ಗಳು, 6ನೇ, 7ನೇ ಜನರೇಶನ್ ಐ3, ಐ5. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿ ಶುರುವಾಗುವುದೇ ಹೆಚ್ಚುಕಡಿಮೆ 8ನೇ ಜನರೇಶನ್‌ನಿಂದ. ಕಂಪನಿಯ ಆ ಮಾತು ಹೊಸ ಮೆಶಿನ್ ಕೊಳ್ಳುವವರಿಗೆ. ಮನೆಯಲ್ಲಿ ಚೆನ್ನಾಗಿ ಓಡುತ್ತಿರುವ ಪಿಸಿಗೆ ಅದರಲ್ಲಿ ಉತ್ತರ ಇಲ್ಲ.

ನಾನು ಲಿನಕ್ಸ್ ಮಿಂಟ್ ಅಂದೆ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ಯಾರೂ ಒಪ್ಪಲಿಲ್ಲ. "ಅಮ್ಮನಿಗೆ ಅದೆಲ್ಲ ಆಗಲ್ಲ" ಅಂದರು.

ಕೊನೆಗೆ ಹನ್ನೊಂದು ಪಿಸಿ ನನ್ನ ಕೈಗೆ ಬಂದವು. ಮೊದಲ ಮೆಶಿನ್‌ನಲ್ಲೇ ಎಡವಿದೆ. ಪಿಸಿ ಶುರುವಾಗುವಾಗಿನ ಕಾವಲು, ಸೆಕ್ಯೂರ್ ಬೂಟ್, ಅದನ್ನು ಆಫ್ ಮಾಡಿದ್ದೇ ತಡ, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಯ ಕೀ ಕೇಳಿತು. ಆ ಮನೆಯವರಿಗೆ ಅಂಥ ಕೀ ಇದೆ ಅಂತಲೇ ಗೊತ್ತಿರಲಿಲ್ಲ. ಮಗಳ ನಾಮಕರಣದ ಫೋಟೋ ಎಲ್ಲ ಅದರೊಳಗೆ! ಎರಡು ದಿನ ನನಗೆ ನಿದ್ದೆ ಇಲ್ಲ. ಕೊನೆಗೆ ಮಗನ ಹಳೆಯ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಕೀ ಸಿಕ್ಕಿತು. ಅವತ್ತಿನಿಂದ ಕೀ ಬರೆದುಕೊಂಡು, ಬ್ಯಾಕಪ್ ತೆರೆದು ನೋಡಿದ ಮೇಲೇ ಬಯಾಸ್ (ಪಿಸಿ ಶುರುವಾಗುವಾಗಿನ ಸೆಟ್ಟಿಂಗ್) ಮುಟ್ಟುತ್ತೇನೆ.

ಇನ್ನೊಂದರಲ್ಲಿ ಮುಂಬೈನ ಕಂಪ್ಯೂಟರ್ ಮಾರ್ಕೆಟ್ ಲ್ಯಾಮಿಂಗ್ಟನ್ ರೋಡಿನ ಯಾವುದೋ ಅಂಗಡಿಯವರು ಹಾಕಿಕೊಟ್ಟ ಕಳ್ಳ ವಿಂಡೋಸ್ ಇತ್ತು. ಕಳ್ಳ ಕಾಪಿಯನ್ನು ಅಸಲಿ ಅಂತ ನಂಬಿಸುವ ಆಕ್ಟಿವೇಟರ್ ಓಡಿಸಲು ಆಂಟಿವೈರಸ್ಸನ್ನೇ ಆಫ್ ಮಾಡಿದ್ದರು. ಮನೆಯವರೆಲ್ಲ ಏನು ಬೇಕಾದರೂ ಬದಲಿಸಬಲ್ಲ ಅಡ್ಮಿನ್ ಅಕೌಂಟಿನಲ್ಲೇ ಬ್ಯಾಂಕ್ ಕೆಲಸ ಮಾಡುತ್ತಿದ್ದರು. 10 ಹಳೆಯದಾಯಿತು ಅನ್ನುವುದಕ್ಕಿಂತ ಈ ಅಭ್ಯಾಸಕ್ಕೆ ನನಗೆ ಜಾಸ್ತಿ ಭಯ.

ಈಗ ಎಲ್ಲ ಕಡೆ ಮಿಂಟ್ 22, ಅಡ್ಮಿನ್ ಅಲ್ಲದ ಸ್ಟ್ಯಾಂಡರ್ಡ್ ಯೂಸರ್, ತಾನಾಗಿ ಬರುವ ಅಪ್‌ಡೇಟ್, ಕೆಟ್ಟರೆ ಸಿಸ್ಟಮ್ಮನ್ನು ಹಿಂದಿನ ಸ್ಥಿತಿಗೆ ತರುವ ಟೈಮ್‌ಶಿಫ್ಟ್, ಫೈರ್‌ಫಾಕ್ಸ್‌ಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್. "ನಿಮ್ಮ ಕಂಪ್ಯೂಟರಿಗೆ ವೈರಸ್, ಈ ನಂಬರಿಗೆ ಕರೆ ಮಾಡಿ" ಅನ್ನುವ ಪಾಪ್‌ಅಪ್ ಬಂತು ಅಂತ ಈ ಮನೆಗಳಿಂದ ಆಮೇಲೆ ಒಂದು ಫೋನೂ ಬಂದಿಲ್ಲ. ಅಮ್ಮಂದಿರಿಗೆ ಹೊಸದು ಅನ್ನಿಸದಂತೆ ಡೆಸ್ಕ್‌ಟಾಪ್‌ನಲ್ಲಿ ಎರಡು ಬದಲಾವಣೆ ಮಾಡುತ್ತೇನೆ. ಅದು ನನ್ನ ಕೈಚಳಕ, ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಖರ್ಚು? ಒಂದು ಪಿಸಿಗೆ ಎಸ್‌ಎಸ್‌ಡಿ (ವೇಗದ ಡಿಸ್ಕ್) ಸುಮಾರು 1,500, ಸೆಕೆಂಡ್‌ಹ್ಯಾಂಡ್ ರ‍್ಯಾಮ್ 800-900. ರ‍್ಯಾಮ್ ರೇಟು ಏರುವ ಮೊದಲೇ ಕೊಂಡಿದ್ದೆ. ಹನ್ನೊಂದಕ್ಕೂ ಸೇರಿ 27 ಸಾವಿರದ ಆಸುಪಾಸು. ಒಂದು ಹೊಸ ಲ್ಯಾಪ್‌ಟಾಪ್‌ಗೆ 45 ಸಾವಿರ ಕೇಳುತ್ತಿದ್ದರು.

ಈ ಹನ್ನೊಂದಲ್ಲದೆ, ಜಿಎಸ್‌ಟಿಗೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಹಾಕುವ ಇಬ್ಬರ ಪಿಸಿಗಳನ್ನು ಮಾತ್ರ ನಾನು ಮುಟ್ಟಲಿಲ್ಲ, ವಿಂಡೋಸ್ 10ರಲ್ಲೇ ಬಿಟ್ಟೆ. 2026ರ ಅಕ್ಟೋಬರ್‌ವರೆಗೆ ಅಂತ ಮೈಕ್ರೋಸಾಫ್ಟ್ ಆಗ ಹೇಳಿದ್ದ ಹೆಚ್ಚುವರಿ ಅಪ್‌ಡೇಟಿಗೆ ಅವನ್ನು ಸೇರಿಸಿದೆ.

ನಡುವೆ ಮಾವನ ಇನ್ನೂ ಹಳೆಯ ಕೋರ್ 2 ಡುಯೋ ಪಿಸಿಯಲ್ಲಿ ಸುಮ್ನೆ ವಿಂಡೋಸ್ 11 ಹಾಕಲು ನೋಡಿದೆ. ಅದರ 24ಎಚ್2 ಆವೃತ್ತಿ ಬೂಟೇ ಆಗಲಿಲ್ಲ, ಅದಕ್ಕೆ ಬೇಕಾದ ಪಾಪ್‌ಕೌಂಟ್ ಅನ್ನುವ ಪ್ರೊಸೆಸರ್ ಸೂಚನೆ ಆ ಚಿಪ್‌ನಲ್ಲಿ ಇಲ್ಲ. ಅದೇ ಮೆಶಿನ್‌ನಲ್ಲಿ ಮಿಂಟ್‌ನ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ ಓಡುತ್ತಿದೆ. ಲಿನಕ್ಸ್‌ನ ಟೈಪಿಂಗ್ ಸಾಧನ ಐಬಸ್‌ನಲ್ಲಿ ಕನ್ನಡದ ಕೆಜಿಪಿ ಕೀಬೋರ್ಡ್ ಲೇಔಟ್ ಹಾಕಿಕೊಟ್ಟೆ, ಮಾವ ಕನ್ನಡದಲ್ಲಿ ಟೈಪ್ ಮಾಡುತ್ತಾರೆ. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫೈಲುಗಳು ಮಾತ್ರ ಕಲಸುಮೇಲೋಗರ, ಅವನ್ನು ಒಂದೊಂದಾಗಿ ಯೂನಿಕೋಡಿಗೆ ಬದಲಿಸುತ್ತಿದ್ದೇನೆ.

"ಆಗಲ್ಲ" ಅಂದವರ ಅಣ್ಣನ ಪಿಸಿ ನಿನ್ನೆ ಪುಣೆಯಿಂದ ಬಂದಿದೆ. ಬ್ಯಾಕಪ್ ಆಗುತ್ತಿದೆ, ಇನ್ನೂ 40 ನಿಮಿಷ ಬೇಕು.